ಇಪ್ಪತ್ತನೇ ತಾರೀಕು ಯಾರು ಬರ್ತಾರೆ?

2025ರ ಸೆಪ್ಟೆಂಬರ್ 21, ಭಾನುವಾರ. ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಟ್ಟು ಊಟ ಮುಗಿಸಿದ ವಿಜಯನಗರ ನಿದ್ದೆ ಮಾಡುತ್ತಿದ್ದ ಹೊತ್ತಿಗೆ ನಾನು ಕಾಮಾಕ್ಷಿಪಾಳ್ಯದ ಒಂದು ಲೇತ್ ಶಾಪಿನ ಅರ್ಧ ಎತ್ತಿದ ಶಟರ್ ಕೆಳಗೆ ಬಗ್ಗಿ ಒಳಗೆ ಹೋಗುತ್ತಿದ್ದೆ. ಮುಂದೆ ನಮ್ಮ ಬೀದಿಯ ಅಣ್ಣ, ಹಿಂದೆ ಅವನ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತ ನಾನು. ಮರುದಿನದಿಂದ ಜಿಎಸ್‌ಟಿ ದರ ಬದಲಾಗಬೇಕಿತ್ತು. ಸೆಪ್ಟೆಂಬರ್ 3ರಂದು ಕೌನ್ಸಿಲ್ ತೀರ್ಮಾನ ಮಾಡಿತು, 22ರಿಂದ ಜಾರಿ ಎಂದಿತು. ನಡುವೆ ಸಿಕ್ಕಿದ್ದು ಮೂರು ವಾರಕ್ಕೂ ಕಡಿಮೆ.

ಸೋಪು, ಟೂತ್‌ಪೇಸ್ಟ್ ಅಗ್ಗವಾಯಿತು ಎಂದು ಟಿವಿಗಳು ಹೇಳುತ್ತಿದ್ದವು. ಲೇತ್ ಶಾಪಿನವರ ಸುದ್ದಿ ಅದರಲ್ಲಿ ಬರಲಿಲ್ಲ. ಬೇರೆಯವರ ಕಬ್ಬಿಣ ತಂದು ಕಡೆದು ಕೊಡುವ ಜಾಬ್‌ವರ್ಕ್‌ಗೆ ಇದ್ದ ಶೇ 12ರ ದರ ಶೇ 18ಕ್ಕೆ ಏರಿತ್ತು. ಅಂದರೆ ಸೋಮವಾರ ಬೆಳಿಗ್ಗೆ ಹಳೆಯ ದರದಲ್ಲಿ ಬಿಲ್ ಹೋದರೆ ದೊಡ್ಡ ಕಂಪನಿಯ ಗೇಟ್‌ನಲ್ಲಿ ಅದು ವಾಪಸ್. ಇಂಟರ್‌ನೆಟ್ ಇರುವ ಅಂಗಡಿಗಳಿಗೆ ಅಣ್ಣ ಮನೆಯಲ್ಲೇ ಕೂತು ಅಪ್‌ಡೇಟ್ ಮಾಡಿ ಮುಗಿಸಿದ್ದ. ಕಂಪ್ಯೂಟರ್‌ಗೆ ನೆಟ್ ಇಲ್ಲದ, ಅಥವಾ ಇದ್ದರೂ ಯಜಮಾನರಿಗೆ 'ಆನ್‌ಲೈನ್ ಬೇಡ ಕಣಪ್ಪ, ನೀನೇ ಬಾ' ಎನ್ನುವ ಅಭ್ಯಾಸವಿರುವ ಹದಿನಾಲ್ಕು ಅಂಗಡಿ ಉಳಿದಿದ್ದವು. ರಾತ್ರಿ ಹನ್ನೊಂದಕ್ಕೆ ಸುಂಕದಕಟ್ಟೆಯ ಕೊನೆಯ ಅಂಗಡಿ ಮುಗಿಸಿದಾಗ ಸ್ಕೂಟರ್‌ನ ಪೆಟ್ರೋಲ್ ರಿಸರ್ವ್‌ಗೆ ಬಂದಿತ್ತು.

ಅಣ್ಣನ ಸಾಫ್ಟ್‌ವೇರ್‌ಗೆ ಜಾಹೀರಾತಿಲ್ಲ, ವೆಬ್‌ಸೈಟ್ ಇಲ್ಲ. ಡಿಪ್ಲೊಮಾ ಮಾಡಿ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವನು, ಅಲ್ಲಿನ ಡೆಲಿವರಿ ಚಲನ್ ಲೆಕ್ಕ ತಲೆಕೆಟ್ಟು ಹೋಗುತ್ತಿದ್ದುದನ್ನು ನೋಡಿ 2011ರಲ್ಲಿ ತಾನೇ ಒಂದು ಪ್ರೋಗ್ರಾಂ ಬರೆದ. ಪಕ್ಕದ ಅಂಗಡಿಯವರು ನಮಗೂ ಬೇಕು ಎಂದರು. ಈಗ ಕಾಮಾಕ್ಷಿಪಾಳ್ಯ, ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾ, ಸುಂಕದಕಟ್ಟೆ ಸೇರಿ 61 ಅಂಗಡಿಗಳಲ್ಲಿದೆ. ವರ್ಷಕ್ಕೆ ಒಂದು ಅಂಗಡಿಯಿಂದ ಏಳು ಸಾವಿರ. ಒಟ್ಟು ನಾಲ್ಕೂಕಾಲು ಲಕ್ಷದ ಆಸುಪಾಸು. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ. ಹಾಗಾಗಿ ಊರಿಗೆಲ್ಲ ಜಿಎಸ್‌ಟಿ ಬಿಲ್ ಬರೆದುಕೊಡುವ ಈ ಮನುಷ್ಯನಿಗೇ ಜಿಎಸ್‌ಟಿ ನಂಬರ್ ಇಲ್ಲ!

ಈಗ ಅವನು ನನ್ನ ಮುಂದೆ ಒಂದು ಪ್ರಶ್ನೆ ಇಟ್ಟಿದ್ದಾನೆ. ವಯಸ್ಸು 47, ಊರಿನಲ್ಲಿ ತಾಯಿಗೆ ಹುಷಾರಿಲ್ಲ, ವಾಪಸ್ ಹೋಗಬೇಕು. 'ನೀನು ನೋಡ್ಕೊತೀಯಾ?' ಎಂದು ಕೇಳಿದ್ದಾನೆ. ನಾನು ಈ ವರ್ಷ ಎಂಜಿನಿಯರಿಂಗ್ ಮುಗಿಸಿದವನು. ಕೈಯಲ್ಲಿ ಒಂದು ಕಂಪನಿಯ ವರ್ಷಕ್ಕೆ 3.6 ಲಕ್ಷದ ಆಫರ್ ಲೆಟರ್ ಇತ್ತು, ಜಾಯ್ನಿಂಗ್ ತಾರೀಕು ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿದ ಮೇಲೆ ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹಾಕುವವರೂ ಕಡಿಮೆಯಾದರು. ಹಾಗಾಗಿ ಅಣ್ಣನ ಪ್ರಶ್ನೆಯನ್ನು ನಗುತ್ತಾ ತಳ್ಳಿಹಾಕುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಬ್ಬನೇ ಕೂತು ಸಾಫ್ಟ್‌ವೇರ್ ಮಾಡಿ ಮಾರಿ ಬದುಕುವುದು ಈ ಕಾಲದಲ್ಲಿ ಸಾಧ್ಯವಾ? ಎರಡು ತಿಂಗಳಿಂದ ಇದನ್ನೇ ವಿಚಾರಿಸುತ್ತಿದ್ದೇನೆ.

ಮೊದಲು ವಿಚಾರಿಸಿದ್ದು ಚಿಕ್ಕಪ್ಪನನ್ನು. ರಾಜಾಜಿನಗರದ ಭಾಷ್ಯಂ ಸರ್ಕಲ್ ಹತ್ತಿರ ಅವರದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಕರಪತ್ರ, ಕೋರ್ಟ್ ಅಫಿಡವಿಟ್ಟು. ತೊಂಬತ್ತರ ದಶಕದಲ್ಲಿ ಕನ್ನಡ ಟೈಪ್ ಮಾಡಬೇಕೆಂದರೆ ಸಾಫ್ಟ್‌ವೇರ್ ಕೊಳ್ಳಬೇಕಿತ್ತಂತೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಎಂದು ಹೆಸರುಗಳು. ಚಿಕ್ಕಪ್ಪ ಕೊಂಡಿದ್ದರ ಜೊತೆ ಕಂಪ್ಯೂಟರ್ ಹಿಂದೆ ಚುಚ್ಚುವ ಒಂದು ಡಾಂಗಲ್ ಬಂದಿತ್ತು. ಅದು ಕಳೆದುಹೋದರೆ ಅಂಗಡಿ ಬಾಗಿಲು ಹಾಕಬೇಕು ಎಂದು ಅದಕ್ಕೆ ದಾರ ಕಟ್ಟಿ ಟೇಬಲ್ ಕಾಲಿಗೆ ಬಿಗಿದಿದ್ದರು. 'ಆ ಕಾಲದಲ್ಲಿ ಕನ್ನಡ ಸಾಫ್ಟ್‌ವೇರ್ ಮಾಡೋರು ಅಂದ್ರೆ ರಾಜರು ಕಣೋ' ಎನ್ನುತ್ತಾರೆ.

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು, ಉಚಿತವಾಗಿ. ಆಮೇಲೆ ಸರ್ಕಾರದ ಬೆಂಬಲದಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಅದೂ ಉಚಿತ. ಸರ್ಕಾರಿ ಕಚೇರಿಗಳೆಲ್ಲ ಅದಕ್ಕೆ ಬದಲಾದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ, 'ತುಂಗಾ' ಫಾಂಟ್ ಸಮೇತ, ಸಿಸ್ಟಮ್‌ನಲ್ಲೇ ಕೂತು ಬಂತು. ಮುಂದೆ ಮೊಬೈಲ್ ಕೀಲಿಮಣೆಗಳು. ಹತ್ತು ಹದಿನೈದು ವರ್ಷದಲ್ಲಿ 'ಕನ್ನಡ ಟೈಪಿಂಗ್ ಸಾಫ್ಟ್‌ವೇರ್' ಎಂಬುದು ಅಂಗಡಿಯಲ್ಲಿ ಮಾರುವ ವಸ್ತುವಾಗಿ ಉಳಿಯಲಿಲ್ಲ. ಬರಹ ಮುಂದಿನ ಆವೃತ್ತಿಗಳಿಗೆ ಬೆಲೆ ಇಟ್ಟಾಗ ಚಿಕ್ಕಪ್ಪನಂಥವರು ಹಳೆಯ ಉಚಿತ ಆವೃತ್ತಿಯಲ್ಲೇ ಉಳಿದುಬಿಟ್ಟರು. 'ಮಾಡಿದ್ದು ತಪ್ಪು' ಎಂದು ಈಗ ಅವರೇ ಹೇಳುತ್ತಾರೆ. ಈಗಲೂ ದುಡ್ಡು ಕೊಟ್ಟಿಲ್ಲ ಎಂಬುದು ಬೇರೆ ಮಾತು.

ಇದರಿಂದ ಕನ್ನಡಕ್ಕೆ ಒಳ್ಳೆಯದಾಯಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಏಳನೇ ಕ್ಲಾಸಿನ ಹುಡುಗಿ ಇವತ್ತು ದುಡ್ಡು ಕೊಡದೆ ಕನ್ನಡದಲ್ಲಿ ಮೆಸೇಜ್ ಕಳಿಸುತ್ತಾಳೆ. ಆದರೆ ಅದನ್ನು ಮಾಡಿ ಮಾರುತ್ತಿದ್ದ ಸಣ್ಣವರ ಕಡೆಯಿಂದ ನೋಡಿದರೆ, ಅವರನ್ನು ಸೋಲಿಸಿದ್ದು ಇನ್ನೂ ಚೆನ್ನಾಗಿ ಮಾಡಿದ ಇನ್ನೊಬ್ಬ ವ್ಯಾಪಾರಿಯಲ್ಲ. ಒಂದು ಕಡೆಯಿಂದ ಸರ್ಕಾರ, ಇನ್ನೊಂದು ಕಡೆಯಿಂದ ಆಪರೇಟಿಂಗ್ ಸಿಸ್ಟಮ್ ಮಾಡುವ ಕಂಪನಿ, ಇಬ್ಬರೂ ಅದನ್ನು ಉಚಿತವಾಗಿ ಕೊಟ್ಟವು. ಉಚಿತದ ಎದುರು ಕಡಿಮೆ ಬೆಲೆ ಇಟ್ಟು ಮಾರಲು ಆಗುವುದಿಲ್ಲವಲ್ಲ.

ಜಗತ್ತಿನ ಬೇರೆ ಕಡೆಯೂ ಕಥೆ ಇದೇ. ಮೊಬೈಲ್‌ಗೆ ಟಾರ್ಚ್ ಆ್ಯಪ್ ಹಾಕಿಕೊಳ್ಳುತ್ತಿದ್ದ ಕಾಲ ನೆನಪಿದೆಯಾ? 2013ರ ಸುಮಾರಿಗೆ ಟಾರ್ಚ್ ಫೋನಿನ ಒಳಗೇ ಬಂದು ಆ ಆ್ಯಪ್‌ಗಳ ಕೆಲಸ ಮುಗಿಯಿತು. ಸೈಬರ್ ಕೆಫೆಗಳ ಪ್ರತಿ ಕಂಪ್ಯೂಟರಿನಲ್ಲಿದ್ದ, '40 ದಿನದ ಟ್ರಯಲ್ ಮುಗಿದಿದೆ' ಎಂದು ವರ್ಷಗಟ್ಟಲೆ ಹೇಳುತ್ತಲೇ ಇದ್ದ ವಿನ್‌ರಾರ್ ಈಗಲೂ ಇದೆ. ಆದರೆ 2023ರಲ್ಲಿ ವಿಂಡೋಸ್ 11 ತಾನೇ ಆ ಫೈಲುಗಳನ್ನು ಬಿಚ್ಚಲು ಕಲಿಯಿತು. ಮಾರುಕಟ್ಟೆ ಬಲಿಯುವುದು ಎಂದರೆ ಇದೇ ಇರಬೇಕು. ಎಲ್ಲರಿಗೂ ಬೇಕಾದದ್ದು ಯಾವುದೋ ಅದನ್ನು ದೊಡ್ಡವರು ಒಂದಲ್ಲ ಒಂದು ದಿನ ತಮ್ಮ ಪೆಟ್ಟಿಗೆಯೊಳಗೆ ಸೇರಿಸಿಕೊಳ್ಳುತ್ತಾರೆ.

ಲೆಕ್ಕದ ಸಾಫ್ಟ್‌ವೇರಿನಲ್ಲಿ ಆ ದೊಡ್ಡವರು ಯಾರು ಎಂದರೆ ಟ್ಯಾಲಿ. ಅದೂ ನಮ್ಮ ಬೆಂಗಳೂರಿನದೇ, ಶುರುವಾದದ್ದೂ ಅಣ್ಣನ ಥರವೇ. ಗಿರಣಿ, ಕಾರ್ಖಾನೆಗಳಿಗೆ ಬಿಡಿಭಾಗ ಮಾರುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಗ್ಗುವ ಪ್ರೋಗ್ರಾಂ ಸಿಗಲಿಲ್ಲ. 1986ರಲ್ಲಿ ಮಗ ಭರತ್ ಗೋಯೆಂಕಾ ಬರೆದುಕೊಟ್ಟರು. ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. 'ಅಕೌಂಟ್ಸ್ ಗೊತ್ತಾ' ಎಂದು ಕೇಳುವ ಬದಲು 'ಟ್ಯಾಲಿ ಬರುತ್ತಾ' ಎಂದು ಕೇಳುವಷ್ಟು ಅದು ಊರಲ್ಲಿ ಬೆರೆತುಹೋಗಿದೆ. ಹಾಗಾದರೆ ಅಣ್ಣನೂ ಟ್ಯಾಲಿ ಆಗಬಹುದಿತ್ತಾ? ಇಲ್ಲ ಎಂದೇ ನನ್ನ ಲೆಕ್ಕ. 1986ರಲ್ಲಿ ಜಾಗ ಖಾಲಿ ಇತ್ತು. ಈಗ ಖಾಲಿ ಇಲ್ಲ. ಈಗ ಸಣ್ಣವರಿಗೆ ಸಿಗುವುದು ಟ್ಯಾಲಿಯ ಸುತ್ತ ಉಳಿದ ಸಂದಿಗೊಂದಿ. ಟ್ಯಾಲಿಗೇ ಟಿಡಿಎಲ್ ಎಂಬ ಅದರದೇ ಭಾಷೆಯಲ್ಲಿ ಆಡ್‌ಆನ್ ಬರೆದುಕೊಟ್ಟು ಜೀವನ ಮಾಡುವವರು ವಿಜಯನಗರದಲ್ಲೇ ಇದ್ದಾರೆ. ಆರಾಮದ ಕೆಲಸ, ಗಿರಾಕಿಯನ್ನು ಹುಡುಕಬೇಕಿಲ್ಲ. ಆದರೆ ಮುಂದಿನ ಆವೃತ್ತಿಯಲ್ಲಿ ಮೂಲ ಕಂಪನಿಯೇ ಆ ಸೌಲಭ್ಯ ಕೊಟ್ಟರೆ ಟಾರ್ಚ್ ಆ್ಯಪ್ ಕಥೆ.

ಉಚಿತದ ಇನ್ನೊಂದು ಬಗೆ ಹೂಡಿಕೆದಾರರ ದುಡ್ಡಿನದು. ಖಾತಾಬುಕ್, ಓಕೆಕ್ರೆಡಿಟ್ ಎರಡೂ ಬೆಂಗಳೂರಿನ ಕಂಪನಿಗಳೇ. ಕಿರಾಣಿ ಅಂಗಡಿಯ ಸಾಲದ ಪುಸ್ತಕವನ್ನು ಮೊಬೈಲಿಗೆ ತಂದು, ಅಂಗಡಿಯವರಿಗೆ ಬಿಟ್ಟಿಯಾಗಿ ಕೊಟ್ಟವು. ಅಂಥ ಆ್ಯಪನ್ನು ಒಬ್ಬ ಹುಡುಗ ರೂಮಿನಲ್ಲಿ ಕೂತು ಮಾಡಬಲ್ಲ, ಆದರೆ ಬಿಟ್ಟಿ ಹಂಚುತ್ತಾ ವರ್ಷಗಟ್ಟಲೆ ಕಾಯಲಾರ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಏನಾಯಿತು ನೆನಪಿಸಿಕೊಳ್ಳಿ. ಕ್ಯೂಆರ್ ಕೋಡ್ ಕಿತ್ತು 'ನೋ ಯುಪಿಐ, ಓನ್ಲಿ ಕ್ಯಾಶ್' ಎಂದು ಚೀಟಿ ಅಂಟಿಸಿದರು. ಹಳೆಯ ಬಾಕಿ ವಸೂಲಿ ಇಲ್ಲ ಎಂದು ಮುಖ್ಯಮಂತ್ರಿ ಹೇಳಿದ ಮೇಲೆ ಬಂದ್ ಕರೆ ವಾಪಸಾಯಿತು. ಆ ಎರಡು ವಾರದಲ್ಲಿ ನಮ್ಮ ಬೀದಿಯ ಕಾಂಡಿಮೆಂಟ್ಸ್ ಅಂಗಡಿಯವರು ನನ್ನನ್ನು ಕರೆದು ಕೇಳಿದ್ದು ಆ್ಯಪ್ ಬಗ್ಗೆ ಅಲ್ಲ. ಆ್ಯಪ್ ಅವರ ಫೋನಿನಲ್ಲೇ ಇತ್ತು. 'ಹಾಲಿಗೆ ಟ್ಯಾಕ್ಸ್ ಇಲ್ಲ ಅಂತಾರೆ, ಸಿಗರೇಟಿಗೆ ಇದೆ, ಎರಡೂ ಒಂದೇ ಕ್ಯೂಆರ್‌ಗೆ ಬಿದ್ದಿದೆ. ನಾಲ್ಕು ವರ್ಷದ್ದು ಹೆಂಗಪ್ಪ ಬೇರೆ ಮಾಡೋದು?' ಇದಕ್ಕೆ ಉತ್ತರ ಕೊಡುವವರು ಆ ಆ್ಯಪಿನ ಹೆಲ್ಪ್‌ಲೈನಿನಲ್ಲಿ ಸಿಗಲಿಲ್ಲ. ನನಗೂ ಗೊತ್ತಿರಲಿಲ್ಲ. ಕೊನೆಗೆ ಅಣ್ಣನೇ ಒಬ್ಬ ಆಡಿಟರ್ ಹತ್ತಿರ ಕರೆದುಕೊಂಡು ಹೋದ.

ಆ್ಯಪ್ ಸ್ಟೋರ್ ಮೂಲಕ ಜಗತ್ತಿಗೆಲ್ಲ ಮಾರುವ ಕನಸು ನನಗೂ ಇತ್ತು. ಮೂರನೇ ವರ್ಷದಲ್ಲಿ ಒಂದು ಪುಟ್ಟ ಆಟ ಮಾಡಿದ್ದೆ. ಗೂಗಲ್ ಪ್ಲೇನಲ್ಲಿ ಹೊಸದಾಗಿ ಖಾತೆ ತೆರೆದ ಒಂಟಿ ಡೆವಲಪರ್, ಆ್ಯಪ್ ಬಿಡುವ ಮೊದಲು ಕನಿಷ್ಠ 12 ಜನರಿಂದ 14 ದಿನ ಸತತವಾಗಿ ಪರೀಕ್ಷೆ ಮಾಡಿಸಬೇಕು. ಮೊದಲು ಇದು 20 ಜನ ಇತ್ತು. ಅಕ್ಕ, ಭಾವ, ಅಜ್ಜಿಯ ಫೋನಿಗೆಲ್ಲ ಹಾಕಿ ಮುಗಿಸಿದೆ. (ಅಜ್ಜಿ ಮೂರನೇ ಹಂತ ದಾಟಿದರು, ನಾನೇ ದಾಟಿರಲಿಲ್ಲ.) ಆ ನಿಯಮ ಕಳಪೆ ಆ್ಯಪ್ ತಡೆಯಲು ಎನ್ನುತ್ತಾರೆ, ಇರಬಹುದು. ಆದರೆ ಅಲ್ಲಿ ಅಂಗಡಿಯ ಯಜಮಾನ ಯಾರು ಎಂಬುದು ಸ್ಪಷ್ಟ. 2022ರ ಅಕ್ಟೋಬರ್‌ನಲ್ಲಿ ಸ್ಪರ್ಧಾ ಆಯೋಗ ಪ್ಲೇ ಸ್ಟೋರ್ ಪಾವತಿ ನಿಯಮಗಳಿಗಾಗಿ ಗೂಗಲ್‌ಗೆ 936 ಕೋಟಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು 2025ರಲ್ಲಿ 216 ಕೋಟಿಗೆ ಇಳಿಯಿತು. 2024ರ ಮಾರ್ಚ್‌ನಲ್ಲಿ ಶುಲ್ಕದ ಜಗಳದಲ್ಲಿ ನೌಕ್ರಿ, ಶಾದಿ ಥರದ ಹೆಸರಾಂತ ಆ್ಯಪ್‌ಗಳನ್ನೇ ಗೂಗಲ್ ತೆಗೆದುಹಾಕಿತ್ತು. ಕೇಂದ್ರ ಸಚಿವರು ಮಧ್ಯೆ ಬಂದ ಮೇಲೆ ವಾಪಸ್ ಹಾಕಿತು. ಅವರಿಗಾದರೆ ಸಚಿವರು ಫೋನ್ ಎತ್ತುತ್ತಾರೆ. ನನ್ನ ಆಟವನ್ನು ತೆಗೆದರೆ ಅಜ್ಜಿ ಒಬ್ಬರೇ ಕೇಳುವವರು.

ಇಷ್ಟೆಲ್ಲ ಓದಿ ನನಗೆ ಬಂದ ಯೋಚನೆ ಸ್ವಲ್ಪ ನಾಚಿಕೆಗೇಡಿನದು. ಅಣ್ಣನ ಸಾಫ್ಟ್‌ವೇರ್ ಹಳೆಯದು, ಬೂದುಬಣ್ಣದ ವಿಂಡೋ, ಎಫ್2 ಒತ್ತಿದರೆ ಸೇವ್. ಎಐ ಇರುವಾಗ ಇದನ್ನು ನಾನೇ ಹೊಸದಾಗಿ ಮಾಡಿಬಿಟ್ಟರೆ? ಮೂರು ವಾರಾಂತ್ಯ ಕೂತೆ. ಕೋಡ್‌ನ ಬಹುಪಾಲು ಎಐ ಬರೆಯಿತು, ನಾನು ಕೇಳುತ್ತಾ ಹೋದೆ. ಚಂದದ ಪರದೆ, ಮೊಬೈಲಿನಲ್ಲೂ ನಡೆಯುತ್ತದೆ, ಬಿಲ್ ನೇರ ವಾಟ್ಸ್‌ಆ್ಯಪಿಗೆ ಹೋಗುತ್ತದೆ. ಅಣ್ಣನ ಹದಿನಾಲ್ಕು ವರ್ಷ, ನನ್ನ ಆರು ದಿನ ಎಂದುಕೊಂಡೆ. ಅಣ್ಣನಿಗೆ ಹೇಳಿಯೇ, ಸುಂಕದಕಟ್ಟೆಯ ಒಬ್ಬ ಯಜಮಾನರಿಗೆ ತೋರಿಸಲು ಹೋದೆ. ಆರು ಮೆಷಿನ್, ಒಂಬತ್ತು ಕೆಲಸಗಾರರ ಅಂಗಡಿ. ಅವರು ಕನ್ನಡಕ ಹಾಕಿಕೊಂಡು, ಟೀ ತರಿಸಿ, ಸಮಾಧಾನವಾಗಿ ನೋಡಿದರು. ಆಮೇಲೆ ಕೇಳತೊಡಗಿದರು.

'ಪಾರ್ಟಿಯಿಂದ ಮೂರು ಡಿಸಿಯಲ್ಲಿ 500 ಪೀಸ್ ಬಂತು. ನಾನು 480 ವಾಪಸ್ ಕೊಟ್ಟೆ. 12 ನಮ್ಮ ಹುಡುಗರು ಕೆಡಿಸಿದ್ದು. ಎಂಟು ಅವರ ಮಟೀರಿಯಲ್ಲೇ ಬಿರುಕು. ಎಂಟಕ್ಕೆ ನಾನ್ಯಾಕೆ ದುಡ್ಡು ಕಟ್ಟಲಿ? ಎಲ್ಲಿ ತೋರಿಸ್ತೀಯ?' ನನ್ನ ಪರದೆಯಲ್ಲಿ 'ರಿಜೆಕ್ಟೆಡ್' ಎಂಬ ಒಂದೇ ಖಾನೆ ಇತ್ತು.

'ಬಿಲ್ ಮಾಡ್ತಾ ಇರೋವಾಗ ಕರೆಂಟ್ ಹೋಯ್ತು. ನಂಬರ್ ಏನಾಗುತ್ತೆ?' ಬಿಲ್ ಸಂಖ್ಯೆ ಒಂದಾದ ಮೇಲೊಂದು ತಪ್ಪದೆ ಬರಬೇಕು ಎಂಬುದು ಜಿಎಸ್‌ಟಿ ನಿಯಮ. ಅಲ್ಲೇ ಪರೀಕ್ಷೆ ಮಾಡಿ ನೋಡಿದೆವು. ನನ್ನ ಸಾಫ್ಟ್‌ವೇರ್ 118ರ ನಂತರ 120 ಬರೆಯಿತು.

'ಪೀಣ್ಯದ ಈ ಪಾರ್ಟಿಗೆ ಪಿಒ ಲೈನ್ ನಂಬರ್ ಬಿಲ್ಲಿನ ಎಡಗಡೆ ಮೇಲೆ ಬರ್ಬೇಕು. ಇಲ್ಲಾಂದ್ರೆ ಗೇಟಲ್ಲೇ ಗಾಡಿ ವಾಪಸ್ ಕಳಿಸ್ತಾರೆ. ನಿಂಗೆ ಗೊತ್ತಿತ್ತಾ?' ಹೇಗೆ ಗೊತ್ತಿರಲು ಸಾಧ್ಯ. ಇದು ಯಾವ ನಿಯಮ ಪುಸ್ತಕದಲ್ಲೂ ಇಲ್ಲ, ಎಐಗೂ ಗೊತ್ತಿಲ್ಲ. ಅಣ್ಣನಿಗೆ ಗೊತ್ತು, ಏಕೆಂದರೆ ಹಾಗೆ ವಾಪಸ್ ಬಂದ ಗಾಡಿಯಲ್ಲಿ ಅವನೂ ಒಮ್ಮೆ ಕೂತಿದ್ದ.

ಕೊನೆಗೆ ಲೋಟ ಕೆಳಗಿಟ್ಟು ಕೇಳಿದರು: 'ಇದೆಲ್ಲ ಸರಿ ಮಾಡ್ತೀಯ ಅಂತಾನೇ ಇಟ್ಕೊಳಣ. ಇಪ್ಪತ್ತನೇ ತಾರೀಕು ಯಾರು ಬರ್ತಾರೆ?'

ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಸಲ್ಲಿಸಬೇಕು. 20ರಂದು ಸಂಜೆ ಲೆಕ್ಕ ತಾಳೆಯಾಗದಿದ್ದರೆ ಬರುವವರು ಯಾರು ಎಂಬುದು ಅವರ ಪ್ರಶ್ನೆ. ವರ್ಷಕ್ಕೆ ಏಳು ಸಾವಿರವನ್ನು ಅವರು ಯಾವುದಕ್ಕೆ ಕೊಡುತ್ತಿದ್ದಾರೆ ಎಂದು ನನಗೆ ಅರ್ಥವಾದದ್ದು ಅಲ್ಲಿ. ಕೋಡ್ ಬರೆಯುವ ಖರ್ಚು ಇಳಿದಷ್ಟೂ ಕೋಡ್ ಮಾರುವವನ ಬೆಲೆ ಇಳಿಯುತ್ತದೆ, ಇದು ನಿಜ. ಆದರೆ ಒಂದು ಕಸುಬಿನ ಒಳಗಿನ ರಗಳೆ ಗೊತ್ತಿರುವವನ, ತಪ್ಪಾದರೆ ಬಂದು ನಿಲ್ಲುವವನ ಬೆಲೆ ಅದರ ಜೊತೆಗೆ ಇಳಿದಿಲ್ಲ, ಕನಿಷ್ಠ ಕಾಮಾಕ್ಷಿಪಾಳ್ಯದಲ್ಲಿ ಇಳಿದಿಲ್ಲ. ದೊಡ್ಡ ಕಂಪನಿಗೆ 61 ಅಂಗಡಿಗಾಗಿ ಈ ಎಡಗಡೆ-ಬಲಗಡೆ ಜಗಳ ಕಲಿಯುವುದು ಲಾಭವಲ್ಲ. ಆ ಲಾಭವಲ್ಲದ ಜಾಗದಲ್ಲೇ ಅಣ್ಣ ಹದಿನಾಲ್ಕು ವರ್ಷ ಬದುಕಿದ್ದಾನೆ.

ಸರ್ಕಾರದ ನಿಯಮಗಳು ಬದಲಾದಷ್ಟೂ ಅವನ ಕೆಲಸ ಗಟ್ಟಿಯಾಗುತ್ತಾ ಬಂದಿದೆ ಎಂಬುದೂ ವಿಚಿತ್ರವಾದರೂ ನಿಜ. 2017ರಲ್ಲಿ ಜಿಎಸ್‌ಟಿ ಬಂದಾಗ ಹೊಸದಾಗಿ ಇಪ್ಪತ್ತು ಅಂಗಡಿ ಸೇರಿದವಂತೆ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡದಿದ್ದರೆ ಕೊಳ್ಳುವವರಿಗೆ ಆ ಖರ್ಚು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಸಿಗದು ಎಂಬ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ, 45 ದಿನ ದಾಟಿದ ಪಾರ್ಟಿಗಳ ಪಟ್ಟಿ ತೆಗೆಯುವ ಒಂದು ಬಟನ್ ಹಾಕಿಕೊಟ್ಟ. ಯಜಮಾನರುಗಳು ಆ ಪಟ್ಟಿಯನ್ನು ಪ್ರಿಂಟ್ ತೆಗೆದು ಪಾರ್ಟಿಯವರಿಗೆ ಕಳಿಸುತ್ತಾರೆಯೇ ಎಂದರೆ ಇಲ್ಲ, ಕೆಲಸ ತಪ್ಪಿಹೋಗುವ ಭಯ. ಗೋಡೆಗೆ ಅಂಟಿಸಿಕೊಂಡು ನೋಡುತ್ತಾರೆ.

ಆದರೆ ಅದೇ ನಿಯಮಗಳು ನಾಳೆ ಅವನನ್ನು ಹೊರಗೆ ಹಾಕಲೂಬಹುದು. ಇ-ಇನ್‌ವಾಯ್ಸ್ ಮಿತಿ ಇಳಿದ ರೀತಿ ನೋಡಿ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟಿನವರಿಗೆ ಮಾತ್ರ ಇತ್ತು. 2021ರ ಜನವರಿಗೆ 100 ಕೋಟಿ, ಏಪ್ರಿಲ್‌ಗೆ 50, 2022ರ ಏಪ್ರಿಲ್‌ಗೆ 20, ಅಕ್ಟೋಬರ್‌ಗೆ 10, 2023ರ ಆಗಸ್ಟ್‌ಗೆ 5 ಕೋಟಿ. ಅಣ್ಣನ ಅಂಗಡಿಗಳು ಹೆಚ್ಚಿನವು ಎರಡು ಕೋಟಿಯ ಒಳಗಿನವು. ಇನ್ನೆರಡು ಮೆಟ್ಟಿಲು ಇಳಿದರೆ ಪ್ರತಿ ಬಿಲ್ಲೂ ಸರ್ಕಾರಿ ಪೋರ್ಟಲಿಗೆ ಹೋಗಿ ನಂಬರ್ ಪಡೆದು ಬರಬೇಕು. ಅದನ್ನು ಸಾಫ್ಟ್‌ವೇರಿನಿಂದಲೇ ಮಾಡಲು ಮಧ್ಯವರ್ತಿ ಸಂಸ್ಥೆಗೆ ಶುಲ್ಕ ಕಟ್ಟಬೇಕು, ಸುರಕ್ಷತೆಯ ಜವಾಬ್ದಾರಿ ಹೊರಬೇಕು. ನೆಟ್ ಬೇಡ ಎನ್ನುವ ಹದಿನಾಲ್ಕು ಅಂಗಡಿಯ ಕಥೆ ಅಲ್ಲಿಗೆ ಮುಗಿಯಿತು. ಏಳು ಸಾವಿರದಲ್ಲಿ ಇದೆಲ್ಲ ಆಗುವುದಿಲ್ಲ, ಹನ್ನೆರಡು ಸಾವಿರ ಕೇಳಿದರೆ ಯಜಮಾನರು ಟ್ಯಾಲಿ ಕಡೆ ನೋಡುತ್ತಾರೆ. ತಿಳಿದವರು 'ಒಂದು ಕ್ಷೇತ್ರ ಹಿಡಿದುಕೋ, ಗಟ್ಟಿಯಾಗಿ ನಿಲ್ಲು' ಎಂದು ಸಲಹೆ ಕೊಡುತ್ತಾರೆ. ಅಣ್ಣ ಹಿಡಿದ ಕ್ಷೇತ್ರದ ಅಡಿಪಾಯ ದೆಹಲಿಯ ಒಂದು ಅಧಿಸೂಚನೆಯ ಕೈಯಲ್ಲಿದೆ.

ಇದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಇನ್ನೊಂದು. 2024ರ ಮಳೆಗಾಲದಲ್ಲಿ ಊರಿಗೆಲ್ಲ ಡೆಂಗಿ ಬಂದಿತ್ತಲ್ಲ, ಅಣ್ಣನಿಗೂ ಬಂತು. ಎಂಟು ದಿನ ಆಸ್ಪತ್ರೆ. ಆ ಎಂಟು ದಿನದ ನಡುವೆ 11ನೇ ತಾರೀಕು ಬಿತ್ತು. ಪ್ಲೇಟ್‌ಲೆಟ್ ಎಷ್ಟು ಎಂದು ಕೇಳಲು ಬಂದ ಫೋನುಗಳಿಗಿಂತ 'ಬಿ2ಬಿ ಟೋಟಲ್ ಬರ್ತಿಲ್ಲ' ಎಂದು ಬಂದ ಫೋನುಗಳೇ ಹೆಚ್ಚು. ನಾನು ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ ಎಂಬ ಒಂದೇ ಅರ್ಹತೆಯ ಮೇಲೆ ಮಂಚದ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತೆ; ಅವನು ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದ, ನಾನು ಒತ್ತುತ್ತಾ ಹೋದೆ. ಇಡೀ 61 ಅಂಗಡಿಯ ಲೆಕ್ಕದ ಮೂಲ ಕೋಡ್ ಇದ್ದದ್ದು ಆ ಒಂದು ಲ್ಯಾಪ್‌ಟಾಪಿನಲ್ಲಿ, ಮತ್ತು ದೇವರ ಕೋಣೆಯ ಅರಿಶಿನದ ಡಬ್ಬಿ ಪಕ್ಕ ಇಟ್ಟ ಒಂದು ಪೆನ್‌ಡ್ರೈವಿನಲ್ಲಿ. ಗಿರಾಕಿ ದೊಡ್ಡ ಕಂಪನಿಯನ್ನೇ ಯಾಕೆ ಆರಿಸುತ್ತಾನೆ ಎಂದು ಸಣ್ಣವರು ಬೇಸರ ಮಾಡಿಕೊಳ್ಳುವುದಿದೆ. ಈ ಪೆನ್‌ಡ್ರೈವ್ ನೋಡಿದರೆ ಗಿರಾಕಿಯ ಅನುಮಾನ ತಪ್ಪಲ್ಲ ಎನಿಸುತ್ತದೆ. ದೊಡ್ಡ ಕಂಪನಿಗೆ ಡೆಂಗಿ ಬರುವುದಿಲ್ಲ.

ಅಣ್ಣನಂಥವರಿಗೆ ಸರ್ಕಾರದ ಯೋಜನೆಗಳಲ್ಲಿ ಜಾಗ ಎಲ್ಲಿದೆ ಎಂದೂ ಹುಡುಕಿದೆ. ರಾಜ್ಯದ 'ಎಲಿವೇಟ್' ಯೋಜನೆ ಸ್ಟಾರ್ಟ್‌ಅಪ್‌ಗಳಿಗೆ 50 ಲಕ್ಷದವರೆಗೆ ಅನುದಾನ ಕೊಡುತ್ತದೆ. ಒಳ್ಳೆಯದೇ. ಆದರೆ ಒಬ್ಬನ ಹೆಸರಿನಲ್ಲಿ ನಡೆಯುವ ಪ್ರೊಪ್ರೈಟರ್‌ಶಿಪ್‌ಗೆ ಕೇಂದ್ರದ ಸ್ಟಾರ್ಟ್‌ಅಪ್ ಮಾನ್ಯತೆಯೇ ಸಿಗುವುದಿಲ್ಲ. ಜೊತೆಗೆ, ಹೊಸತನ ಬೇಕು, ಬೇಗ ಬೆಳೆಯುವ ಲಕ್ಷಣ ಬೇಕು. ಅಣ್ಣನ ಹತ್ತಿರ 'ಐದು ವರ್ಷದಲ್ಲಿ ಎಲ್ಲಿರುತ್ತೀರಿ' ಎಂದು ಕೇಳಿದರೆ 'ಇಲ್ಲೇ, 65 ಅಂಗಡಿ' ಎಂದಾನು. ಬ್ಯಾಂಕಿನವರಿಗೆ ಅಡ ಇಡಲು ಮೆಷಿನ್ ಇಲ್ಲ. ಲೇತ್ ಕೊಂಡರೆ ಸಾಲ ಉಂಟು, ಲೇತ್ ಅಂಗಡಿಗೆ ಸಾಫ್ಟ್‌ವೇರ್ ಬರೆದರೆ ಇಲ್ಲ. ಎಲ್ಲರಿಗೂ ಉಚಿತವಾಗಿ ಕೊಡುವ ಮುಕ್ತ ತಂತ್ರಾಂಶಕ್ಕಾದರೆ ನಮ್ಮ ಊರಿನದೇ ಜೆರೋಧಾ 2024ರಲ್ಲಿ ವರ್ಷಕ್ಕೆ 10 ಲಕ್ಷ ಡಾಲರ್‌ನ ನಿಧಿ ಇಟ್ಟಿದೆ. ಅಣ್ಣ ಅದಕ್ಕೂ ಸೇರುವವನಲ್ಲ; ಅವನದು ಉಚಿತವೂ ಅಲ್ಲ, ದೊಡ್ಡದೂ ಅಲ್ಲ.

ನನಗೆ ತೋಚಿದ ಒಂದು ದಾರಿ ಆ ಅಂಗಡಿಗಳಲ್ಲೇ ಕಣ್ಣಿಗೆ ಬಿದ್ದದ್ದು. ಒಬ್ಬರ ಮೆಷಿನ್ ಕೆಟ್ಟರೆ ಅರ್ಜೆಂಟ್ ಕೆಲಸವನ್ನು ಪಕ್ಕದ ಅಂಗಡಿಯವರು ರಾತ್ರಿ ಕೂತು ಮುಗಿಸಿಕೊಡುತ್ತಾರೆ. ಪಾರ್ಟಿಗೆ ಗೊತ್ತೂ ಆಗುವುದಿಲ್ಲ. ಮುಂದಿನ ವಾರ ಇವರು ಅವರಿಗೆ ಮಾಡಿಕೊಡುತ್ತಾರೆ. ಸಾಫ್ಟ್‌ವೇರ್ ಮಾಡುವ ನಾಲ್ಕು ಜನ ಹಾಗೆ ಒಬ್ಬರ ಕೋಡನ್ನು ಇನ್ನೊಬ್ಬರ ಹತ್ತಿರ ಇಟ್ಟು, ಒಬ್ಬ ಮಲಗಿದಾಗ ಇನ್ನೊಬ್ಬ ಹೋಗುವ ಏರ್ಪಾಡು ಮಾಡಿಕೊಳ್ಳಬಾರದೇಕೆ? ಅಣ್ಣನಿಗೆ ಹೇಳಿದೆ. ಬಸವೇಶ್ವರನಗರದಲ್ಲಿ ಕಲ್ಯಾಣ ಮಂಟಪಗಳಿಗೆ ಬುಕಿಂಗ್ ಸಾಫ್ಟ್‌ವೇರ್ ಮಾಡುವ ಒಬ್ಬರು, ಕೆಂಗೇರಿಯಲ್ಲಿ ಚೀಟಿ ಲೆಕ್ಕದ್ದು ಮಾಡುವ ಇನ್ನೊಬ್ಬರು ಅವನಿಗೆ ಗೊತ್ತು. 'ಕೋಡ್ ಕೊಟ್ರೆ ಗಿರಾಕಿನೂ ಕೊಟ್ಟಂಗೆ ಅಂತಾರೆ' ಎಂದು ನಕ್ಕ. ಲೇತ್ ಅಂಗಡಿಯವರು ಪಾರ್ಟಿಯ ಡ್ರಾಯಿಂಗನ್ನೇ ಪಕ್ಕದವರ ಕೈಗೆ ಕೊಡುತ್ತಾರೆ, ಓದಿದ ನಮಗೆ ಮಾತ್ರ ಆ ನಂಬಿಕೆ ಇಲ್ಲ.

ಮೊನ್ನೆ ನನ್ನ ಜಾಯ್ನಿಂಗ್ ಮೇಲ್ ಬಂತು. ವೈಟ್‌ಫೀಲ್ಡ್. ವಿಜಯನಗರದಲ್ಲಿ ಪರ್ಪಲ್ ಲೈನ್ ಹತ್ತಿದರೆ ರೈಲು ಬದಲಿಸದೆ ಇಳಿಯಬಹುದು, ಅಮ್ಮನಿಗೆ ಖುಷಿಯೋ ಖುಷಿ. ಎರಡನ್ನೂ ಮಾಡೋಣ, ಶನಿವಾರ ಅಂಗಡಿಗಳು, ಉಳಿದ ದಿನ ಕಂಪನಿ ಎಂದು ಲೆಕ್ಕ ಹಾಕಿದ್ದೆ. ಕರಾರು ಪತ್ರದಲ್ಲಿ ಬೇರೆ ಯಾವ ಕೆಲಸವನ್ನೂ ಮಾಡುವಂತಿಲ್ಲ ಎಂದು ಬರೆದಿದೆ. 2022ರಲ್ಲಿ ವಿಪ್ರೊ ಎರಡು ಕಡೆ ಕೆಲಸ ಮಾಡಿದ 300 ಜನರನ್ನು ತೆಗೆದದ್ದು ನೆನಪಿದ್ದವರಿಗೆ ಆ ಸಾಲಿನ ತೂಕ ಗೊತ್ತು. ಮೇಲಾಗಿ ಜಿಎಸ್‌ಟಿ ಗಡುವು ಶನಿವಾರವೇ ಬರುತ್ತದೆಂದು ಯಾರು ಹೇಳಿದರು?

ಹಣದ ಲೆಕ್ಕದಲ್ಲಿ ಇವತ್ತು ಎರಡೂ ಹತ್ತಿರ ಹತ್ತಿರ, ಅಣ್ಣನದೇ ತುಸು ಮುಂದೆ. ಹತ್ತು ವರ್ಷದ ಮೇಲೆ ಕಂಪನಿಯಲ್ಲಿ ಉಳಿದರೆ ಸಂಬಳ ಮೂರು ಪಟ್ಟಾಗಬಹುದು, ಎಐ ಬಂದು ಕೆಲಸವೇ ಹೋಗಲೂಬಹುದು. ಅಂಗಡಿಗಳದ್ದು ಮೂರು ಪಟ್ಟಾಗುವುದಿಲ್ಲ. ಹೋದರೂ 61 ಒಂದೇ ದಿನ ಹೋಗುವುದಿಲ್ಲ, ಒಂದೊಂದಾಗಿ ಹೋಗುತ್ತವೆ, ನೋಡಿ ಎಚ್ಚೆತ್ತುಕೊಳ್ಳಲು ಸಮಯವಿರುತ್ತದೆ. ಇದನ್ನು ಹೇಳಿದರೆ ಅಪ್ಪ 'ಹೆಣ್ಣು ಕೊಡೋರು ಏನಂತ ಕೇಳ್ತಾರೆ ಗೊತ್ತಾ' ಎಂದರು. ಗೊತ್ತು.

ಅಣ್ಣ ಒತ್ತಾಯ ಮಾಡಿಲ್ಲ. ಪೆನ್‌ಡ್ರೈವಿನ ಒಂದು ಪ್ರತಿ, ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು 'ಓದಿ ನೋಡು, ಇಪ್ಪತ್ತರೊಳಗೆ ಹೇಳು' ಎಂದಿದ್ದಾನೆ. ನೋಟ್‌ಬುಕ್ಕಿನಲ್ಲಿ ಕೋಡ್ ಬಗ್ಗೆ ಒಂದಕ್ಷರವಿಲ್ಲ. ಅಂಗಡಿಗೊಂದು ಪುಟ. ಯಾರ ಪ್ರಿಂಟರಿನಲ್ಲಿ ಎಡ ಮಾರ್ಜಿನ್ ಎಷ್ಟು ಬಿಡಬೇಕು, ಯಾರ ಆಡಿಟರ್ ಯಾರು, ಯಾರ ಮಗಳು ಈಗ ಲೆಕ್ಕ ನೋಡುತ್ತಾಳೆ, ಯಾರು ಆಯುಧಪೂಜೆಯ ದಿನ ಕಂಪ್ಯೂಟರಿಗೂ ಕುಂಕುಮ ಹಚ್ಚಿ ಕೀಬೋರ್ಡ್ ಹಾಳುಮಾಡಿಕೊಳ್ಳುತ್ತಾರೆ. 37ನೇ ಪುಟದಲ್ಲಿ ಕೆಂಪು ಶಾಯಿಯಲ್ಲಿ ಹೀಗಿದೆ: 'ಇವರಿಗೆ ಮಧ್ಯಾಹ್ನ ಎರಡರ ಮೇಲೆ ಫೋನ್ ಮಾಡಬೇಕು. ಬೆಳಿಗ್ಗೆ ಮೆಷಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ, ಹೂಂ ಅಂದುಬಿಡುತ್ತಾರೆ.'